ಕೇಳಿದವರ ಊರಿನಲ್ಲಿ

ಕೇರಳದ ಕಾಸರಗೋಡಿನ ಹತ್ತಿರ, ಮೊಗ್ರಾಲಿನ ಬಾಡಿಗೆ ಮನೆಯಲ್ಲಿ ನನ್ನ ಮೊದಲ ಬೆಳಿಗ್ಗೆ ಯಾರೋ ನನ್ನ ಕಿವಿಯ ಹತ್ತಿರವೇ ಕೆಮ್ಮಿದರು. ಗಾಬರಿಯಿಂದ ಎದ್ದು ಕೂತೆ. ಮಂಚದ ಕೆಳಗೆ ಬಗ್ಗಿ ನೋಡಿದೆ, ಬಾಗಿಲಿನ ಚಿಲಕ ಎಳೆದು ನೋಡಿದೆ. ಮತ್ತೆ ಕೆಮ್ಮು, ಅದರ ಹಿಂದೆಯೇ ಕೊಡಪಾನಕ್ಕೆ ನೀರು ಬೀಳುವ ಸದ್ದು. ಕಿಟಕಿ ತೆರೆದರೆ ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಇನ್ನೊಂದು ಕಿಟಕಿ. ಅದರಾಚೆ ತಲೆಗೆ ಬಿಳಿ ಬಟ್ಟೆ ಹೊದ್ದ ಅರವತ್ತು ದಾಟಿದ ಹೆಂಗಸೊಬ್ಬರು ಮುಖ ತೊಳೆಯುತ್ತಿದ್ದರು. ನನ್ನನ್ನು ನೋಡಿ, ಹತ್ತು ವರ್ಷದ ಪರಿಚಯವಿದ್ದವರ ಹಾಗೆ, "ಎದ್ರಾ ಟೀಚರ್? ಚಾ ಆಯ್ತಾ?" ಎಂದು ಕೇಳಿದರು.

ನಾನು ಗದಗ ಜಿಲ್ಲೆಯವಳು. ರೋಣದ ಹತ್ತಿರದ ನಮ್ಮ ಹಳ್ಳಿಯಲ್ಲಿ ಎರಿ ಹೊಲದ ಅಂಚಿಗೆ ನಿಂತರೆ ಬರುವ ಮನುಷ್ಯ ಅರ್ಧ ತಾಸು ಮೊದಲೇ ಕಾಣುತ್ತಾನೆ. ಅವನು ಯಾರು, ಯಾಕೆ ಬರುತ್ತಿದ್ದಾನೆ ಎಂದು ಯೋಚಿಸಲು ನಮಗೆ ಸಮಯವಿರುತ್ತದೆ. ಇಲ್ಲಿ ಹೆದ್ದಾರಿಗೂ ಕಡಲಿಗೂ ನಡುವಿನ ಪಟ್ಟಿಯಲ್ಲಿ ಮನೆಗೆ ಮನೆ ತಾಗಿಕೊಂಡಿತ್ತು. ಪಕ್ಕದ ಮನೆಯ ಮೀನಿನ ಸಾರಿನ ಪರಿಮಳ ನನ್ನ ಸೀರೆಗೆ ಅಂಟಿಕೊಂಡು ಶಾಲೆಯವರೆಗೂ ಬರುತ್ತಿತ್ತು.

ಕಾಸರಗೋಡಿನ ಕನ್ನಡ ಮಾಧ್ಯಮದ ಅನುದಾನಿತ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಕೆಲಸ ಸಿಕ್ಕಾಗ ಊರಲ್ಲಿ ಎಲ್ಲರೂ, "ಕನ್ನಡ ಸಾಲಿ ಅಂದಮ್ಯಾಲ ನಮ್ಮ ಸೀಮೀನ ಬಿಡು" ಎಂದಿದ್ದರು. ಬಂದು ನೋಡಿದರೆ ಬಸ್ಸಿನ ಬೋರ್ಡು ಮಲಯಾಳ, ಶಾಲೆಗೆ ಬರುವ ಸುತ್ತೋಲೆ ಮಲಯಾಳ, ಮಕ್ಕಳ ಮನೆಮಾತು ತುಳು, ಬ್ಯಾರಿ, ಕೊಂಕಣಿ. ಕನ್ನಡವೂ ನನ್ನ ಕನ್ನಡವಲ್ಲ. "ಎಂತ" ಎಂದರೆ ಏನು ಎಂದು, "ಉಂಟು" ಎಂದರೆ ಐತಿ ಎಂದು ನಾನು ಕಲಿಯಬೇಕಾಯಿತು. ನಾನು "ಹೌದ್ರಿ" ಎಂದರೆ ಎಂಟನೆಯ ತರಗತಿ ಇಡೀ ನಗುತ್ತಿತ್ತು.

ಪಕ್ಕದ ಮನೆಯ ಆ ಹೆಂಗಸು ಬೀಫಾತಿಮ. ಮೊಗ್ರಾಲಿನ ಬಹಳಷ್ಟು ಮನೆಗಳ ಹಾಗೆ ಅವರ ಮನೆಯೂ ಗಲ್ಫಿನ ದುಡಿಮೆಯಲ್ಲಿ ನಡೆಯುತ್ತಿತ್ತು. ಮಗ ಶರೀಫ್ ಶಾರ್ಜಾದಲ್ಲಿ ಅಂಗಡಿಯೊಂದರ ಕೆಲಸಗಾರ. ಸೊಸೆ ಮಿಸ್ರಿಯಾ, ಮೂವರು ಮೊಮ್ಮಕ್ಕಳು, ಗಂಡನನ್ನು ಕಳೆದುಕೊಂಡ ಮಗಳು ಮತ್ತು ಅವಳ ಇಬ್ಬರು ಮಕ್ಕಳು ಜೊತೆಗಿದ್ದರು. ಮೂರು ಕೋಣೆ, ಎಂಟು ಜನ. ಎಲ್ಲರೂ ಕರೆಯುವ ಹಾಗೆ ನಾನೂ ಅವರನ್ನು ಉಮ್ಮ, ಅಂದರೆ ಅಮ್ಮ, ಎಂದು ಕರೆಯತೊಡಗಿದೆ.

ನಾನು ಮೀನು ಮಾಂಸ ತಿನ್ನುವವಳಲ್ಲ ಎಂದು ತಿಳಿದ ವಾರದಲ್ಲೇ ಉಮ್ಮ ಕಿಟಕಿಯಿಂದ ಕಿಟಕಿಗೆ ಒಂದು ತಟ್ಟೆ ದಾಟಿಸಿದರು. ಪತ್ತಿರಿ, ಅಂದರೆ ಅಕ್ಕಿಹಿಟ್ಟಿನ ತೆಳ್ಳನೆಯ ರೊಟ್ಟಿ. "ಮೀನಿನ ಪಾತ್ರೆ ಅಲ್ಲ, ಬೇರೆ ಪಾತ್ರೆ. ಧೈರ್ಯದಲ್ಲಿ ತಿನ್ನಿ" ಎಂದರು. ನಾನು ಮಂಗಳೂರಿನಿಂದ ಜೋಳದ ಹಿಟ್ಟು ತಂದು ಅವರ ಅಡುಗೆಮನೆಯಲ್ಲೇ ರೊಟ್ಟಿ ಬಡಿದೆ. ಸದ್ದಿಗೆ ಮಕ್ಕಳೆಲ್ಲ ಓಡಿ ಬಂದರು. ಉಮ್ಮ ಒಂದು ತುಂಡು ಬಾಯಿಗಿಟ್ಟು ಬಹಳ ಹೊತ್ತು ಅಗಿದು, "ಒಳ್ಳೇದುಂಟು, ಆದರೆ ಹಲ್ಲು ಬೇಕು" ಎಂದರು. ಈ ಊರಲ್ಲಿ ನಾನು ಮನಸ್ಸು ಬಿಚ್ಚಿ ನಕ್ಕದ್ದು ಅಂದೇ ಮೊದಲು.

ಮರುವರ್ಷ ಮಾರ್ಚಿನಲ್ಲಿ ಎಲ್ಲ ಬಂದ್ ಆಯಿತು.

ಕಾಸರಗೋಡಿಗೆ ಕಾಯಿಲೆ ದೇಶದ ಬೇರೆ ಕಡೆಗಳಿಗಿಂತ ಮೊದಲೇ ಬಂತು, ಬಿಗಿ ನಿರ್ಬಂಧವೂ ಇಲ್ಲಿಯೇ ಮೊದಲು. ಆಮೇಲೆ ಕರ್ನಾಟಕದ ಕಡೆಯಿಂದ ವಾಹನ ದಾಟದಂತೆ ಗಡಿಯ ರಸ್ತೆಗಳಿಗೆ ಮಣ್ಣು ಬಿತ್ತು. ಹೊರಗಿನವರಿಗೆ ಇದರ ಅರ್ಥ ತಿಳಿಯುವುದಿಲ್ಲ. ಮಂಜೇಶ್ವರದಿಂದ ಕಾಸರಗೋಡಿನವರೆಗೆ ಯಾರಿಗೆ ದೊಡ್ಡ ಕಾಯಿಲೆ ಬಂದರೂ ಹೋಗುವುದು ಮಂಗಳೂರಿಗೆ. ಹೆರಿಗೆಗೆ, ಡಯಾಲಿಸಿಸ್ಸಿಗೆ, ಎದೆನೋವಿಗೆ ಮಂಗಳೂರು. ಉಮ್ಮನ ಹೃದಯದ ಡಾಕ್ಟರೂ ಅಲ್ಲಿಯವರೇ. ಮಾತ್ರೆ ಮುಗಿಯುತ್ತ ಬಂದಾಗ ಉಮ್ಮ ಅದನ್ನು ಚಾಕುವಿನಿಂದ ಅರ್ಧ ಮಾಡಿ ನುಂಗಿದರು. ನನಗದು ಗೊತ್ತಾದದ್ದು ಬಹಳ ಕಾಲದ ಮೇಲೆ.

ದಿನಸಿ ಅಂಗಡಿಯಲ್ಲಿ ಒಬ್ಬರು ನನ್ನ ಮುಖ ನೋಡದೆ, "ಟೀಚರ್, ನಿಮ್ಮವರು ರಸ್ತೆಗೆ ಮಣ್ಣು ಹಾಕಿದ್ದು ನೋಡಿದ್ರಾ?" ಎಂದು ಕೇಳಿದರು. ಸಂಜೆ ಇದನ್ನು ಹೇಳಿದಾಗ ಉಮ್ಮನಿಗೆ ಸಿಟ್ಟು ಬಂತು. "ಟೀಚರ್ ಹಾಕಿದ್ದಾ ಮಣ್ಣು? ನಾಳೆ ನಾನೇ ಕೇಳ್ತೇನೆ ಅವನತ್ರ." ಕೇಳಿಯೂ ಕೇಳಿದರಂತೆ. ನನ್ನ ಜಿಲ್ಲೆ ಆ ಮಣ್ಣಿನಿಂದ ಒಂದು ದಿನದ ಹಾದಿಯಷ್ಟು ದೂರ. ಆದರೂ ನಿಮ್ಮವರು ಎಂದಾಗ ನಾನು ಚಿಲ್ಲರೆ ಎಣಿಸಿಕೊಟ್ಟು ಬಂದಿದ್ದೆ.

ಆ ದಿನಗಳಲ್ಲಿ ನನ್ನ ತಂಗಿ ನಿರ್ಮಲಾ ವಾರಕ್ಕೆರಡು ಸಲ ಫೋನು ಮಾಡುತ್ತಿದ್ದಳು. ಅವಳು ನ್ಯೂಜಿಲೆಂಡಿನ ದಕ್ಷಿಣದ ಸಣ್ಣ ಪೇಟೆಯೊಂದರಲ್ಲಿ ವೃದ್ಧರ ಆರೈಕೆ ಮಾಡುವ ನರ್ಸು. "ಅಕ್ಕಾ, ಇಲ್ಲಿ ಮಂದಿನ ಕಡಿಮಿ ಅದಾರ. ಮನೀಗೂ ಮನೀಗೂ ನಡುವ ಒಂದು ಹೊಲದಷ್ಟು ಜಾಗ. ಸರಕಾರ ಒಳಗ ಇರ್ರಿ ಅಂತು, ಒಳಗ ಕುಂತರು. ಹೇಳಿದ್ದು ಕೇಳ್ತಾರ" ಎನ್ನುತ್ತಿದ್ದಳು. ನಾನು ಪಾಠ ಮಾಡುವ ವಿಷಯವೇ ಅದು. ಜನಸಾಂದ್ರತೆ, ಅಂದರೆ ಒಂದು ಚದರ ಕಿಲೋಮೀಟರಿನಲ್ಲಿ ಎಷ್ಟು ಜನ ಎಂಬ ಲೆಕ್ಕ. ಕೇರಳದ್ದು ಕರ್ನಾಟಕದ ಎರಡೂವರೆ ಪಟ್ಟಿಗೂ ಹೆಚ್ಚು ಎಂದು ಕಪ್ಪುಹಲಗೆಯ ಮೇಲೆ ಬರೆದವಳು ನಾನೇ. ಹಾಗಿದ್ದೂ ಮೊದಲ ತಿಂಗಳುಗಳಲ್ಲಿ ಇಲ್ಲಿ ಕಾಯಿಲೆ ಹತೋಟಿಯಲ್ಲಿತ್ತು. ಜನ ಹೇಳಿದ್ದು ಕೇಳಿದರು. ಯಾರ ಮನೆಗೆ ಯಾರು ಬಂದರು ಎಂಬುದು ವಾರ್ಡಿನ ಮೆಂಬರಿಗೂ ಆಶಾ ಕಾರ್ಯಕರ್ತೆಗೂ ಮಧ್ಯಾಹ್ನದೊಳಗೆ ಗೊತ್ತಾಗುತ್ತಿತ್ತು. ಒತ್ತಾಗಿ ಬದುಕುವವರು ಒಬ್ಬರನ್ನೊಬ್ಬರು ಕಾಯುತ್ತಾರೆ, ಕಾವಲೂ ಇರುತ್ತಾರೆ. ಆಗ ನನಗೆ ಈ ಊರಿನ ಮೇಲೆ ನಿಜವಾದ ಹೆಮ್ಮೆಯಿತ್ತು. ತಂಗಿಗೆ ಹೇಳುತ್ತಿದ್ದೆ, "ನಮ್ಮಲ್ಲೂ ಹಂಗ ನೋಡು." ನಮ್ಮಲ್ಲಿ ಎಂದರೆ ಮೊಗ್ರಾಲು.

ಮಳೆಗಾಲ ಮುಗಿಯುತ್ತ ಬಂದಾಗ ಶಾಲೆಯ ಅಧ್ಯಾಪಕರನ್ನು ವಾರ್ಡುಗಳ ಉಸ್ತುವಾರಿಗೆ ಹಾಕಿದರು. ಪಾಠ ಹೇಗೂ ಫೋನಿನಲ್ಲಿ ನಡೆಯುತ್ತಿತ್ತು. ನನಗೆ ಸಿಕ್ಕಿದ್ದು ನಾನಿದ್ದ ವಾರ್ಡೇ. ಯಾರು ಮಾಸ್ಕ್ ಹಾಕಿಲ್ಲ, ಅಂಗಡಿಯೆದುರು ಎಷ್ಟು ಜನ ನಿಂತಿದ್ದಾರೆ, ನಿರೀಕ್ಷಣೆಯಲ್ಲಿರುವ ಮನೆಯವರು ಹೊರಗೆ ಬಂದರೇ ಎಂದು ದಿನವೂ ಬರೆದು ಕಳಿಸಬೇಕು. ನಿರೀಕ್ಷಣೆ ಎಂದರೆ ನಮಗೆ ಕಾಯುವುದು. ಮಲಯಾಳದಲ್ಲಿ ಅದರ ಅರ್ಥ ಕಣ್ಣಿಟ್ಟು ನೋಡುವುದು. ಇಲ್ಲಿಯ ಕನ್ನಡದವರು ಸರಕಾರಿ ಭಾಷೆಯಿಂದ ಆ ಪದವನ್ನು ಹಾಗೆಯೇ ಎತ್ತಿಕೊಂಡಿದ್ದರು. ಮನೆಯವರು ಕಾಯುತ್ತಿದ್ದರು, ನಾನು ನೋಡುತ್ತಿದ್ದೆ.

ಒಪ್ಪಿಕೊಳ್ಳುತ್ತೇನೆ, ಆ ಕೆಲಸ ನನಗೆ ಇಷ್ಟವಾಯಿತು. ಒಂದು ವರ್ಷ ನನ್ನ ಕನ್ನಡ ಕೇಳಿ ನಗುತ್ತಿದ್ದ ಊರು ಈಗ ನನ್ನನ್ನು ಕಂಡರೆ ಮಾಸ್ಕ್ ಮೇಲೆಳೆದುಕೊಳ್ಳುತ್ತಿತ್ತು. ಗಂಡಸರು ಅಂಗಡಿಯ ಮುಂದಿನ ಬೆಂಚಿನಿಂದ ಎದ್ದು ದೂರ ನಿಲ್ಲುತ್ತಿದ್ದರು. ಹೊರಗಿನಿಂದ ಬಂದ ಹೆಂಗಸಿಗೆ ಬೇರೆ ಯಾವ ದಾರಿಯಿಂದ ಇಷ್ಟು ಮರ್ಯಾದೆ ಸಿಗುತ್ತಿತ್ತು?

ಅದೇ ಹೊತ್ತಿಗೆ ಶರೀಫನ ಕೆಲಸ ಹೋಗಿ ಅವನು ಊರಿಗೆ ಬಂದ. ಬಂದವರಿಗೆ ಪ್ರತ್ಯೇಕ ಕೋಣೆ, ಅದಕ್ಕೇ ಸೇರಿದ ಬಚ್ಚಲು ಬೇಕು ಎಂದು ನಿಯಮ. ಆ ಮನೆಯಲ್ಲಿ ಅಂಥ ಕೋಣೆ ಒಂದೇ, ಉಮ್ಮನದು. ಹೋಗಿ ನಿಯಮ ಓದಿ ಹೇಳಿದವಳು ನಾನು. ಉಮ್ಮ ಎರಡನೆಯ ಮಾತಿಲ್ಲದೆ ತಮ್ಮ ಹಾಸಿಗೆ ಸುತ್ತಿ ಹಿಂದಿನ ಚಾವಡಿಗೆ ತಂದರು. ಉಳಿದ ಏಳು ಜನರ ಜೊತೆ ಅವರಿಗೂ ಹಿತ್ತಲಿನ ಪಾಯಿಖಾನೆ. ಮೂರು ಮೆಟ್ಟಿಲು, ಮೇಲೆ ಸೂರಿಲ್ಲದ ಹಾದಿ, ಮಳೆ.

"ನಿಮಗೆ ಕಷ್ಟ ಆಗ್ತದೆ ಉಮ್ಮ" ಎಂದೆ.

"ಎಲ್ಲರಿಗೂ ಆಗ್ತದೆ. ಟೀಚರ್ ಹೇಳಿದ ಮೇಲೆ ಆಯ್ತು" ಎಂದರು.

ವಾರದ ಬಳಿಕ ಶರೀಫನಿಗೆ ಪಾಸಿಟಿವ್ ಬಂತು. ಲಕ್ಷಣವಿಲ್ಲದವರು ಮನೆಯಲ್ಲೇ ಇರಬಹುದು ಎಂದು ಆಗ ನಿಯಮ ಸಡಿಲವಾಗಿತ್ತು. ಉಳಿದ ಎಂಟು ಜನರಿಗೂ ಹೊರಗೆ ಕಾಲಿಡುವ ಹಾಗಿರಲಿಲ್ಲ. ಯಾರೂ ಇಡಲಿಲ್ಲ. ಮಕ್ಕಳು ಕಿಟಕಿಯ ಸರಳು ಹಿಡಿದು ನನ್ನನ್ನು ನೋಡುತ್ತಿದ್ದರು. ನನ್ನ ವರದಿಯಲ್ಲಿ ಆ ಮನೆಯ ಹೆಸರಿನ ಮುಂದೆ ಪ್ರತಿದಿನ 'ಪೂರ್ಣ ಪಾಲನೆ' ಎಂದು ಬರೆದೆ.

ಅದೇ ವಾರ ಹೆದ್ದಾರಿಯಾಚೆಯ ದೊಡ್ಡ ಮನೆಯೊಂದರಲ್ಲಿ ಮದುವೆ. ಸುತ್ತ ಮೈದಾನದಷ್ಟು ಅಂಗಳ. ಐವತ್ತು ಜನರಿಗೆ ಅನುಮತಿ. ಎಣಿಸಲು ನನ್ನನ್ನು ಕಳಿಸಿದರು. ಎಣಿಸಿದೆ, ಐವತ್ತೇ ಇದ್ದರು. ಅವರು ಉಂಡು ಹೋದ ಮೇಲೆ ಇನ್ನೈವತ್ತು ಜನ ಬಂದರು. ಸಂಜೆಯವರೆಗೆ ಹೀಗೆಯೇ. ಯಾವ ಗಳಿಗೆಯಲ್ಲಿ ನೋಡಿದರೂ ಐವತ್ತು ಮೀರಿರಲಿಲ್ಲ. ಯಜಮಾನರು ನಗುತ್ತ, "ಎಲ್ಲ ರೂಲ್ಸ್ ಪ್ರಕಾರ ಉಂಟಲ್ಲ ಟೀಚರ್?" ಎಂದರು. ಆ ಮನೆಗೂ 'ಪೂರ್ಣ ಪಾಲನೆ' ಎಂದೇ ಬರೆದೆ. ಬೇರೆ ಬರೆಯಲು ನಿಯಮದಲ್ಲಿ ಜಾಗವಿರಲಿಲ್ಲ.

ಮದುವೆಯ ಮೂರನೆಯ ದಿನ ಬೆಳಿಗ್ಗೆ ಏಳೂವರೆಗೆ ಮಿಸ್ರಿಯಾ ಕಿಟಕಿಯಿಂದ ಕರೆದಳು.

"ಟೀಚರ್, ಉಮ್ಮನಿಗೆ ಎದೆ ಹಿಡಿದ ಹಾಗೆ ಆಗ್ತದಂತೆ. ಬೆವರ್ತಾ ಇದ್ದಾರೆ. ಎದುರಿನ ಅಬ್ದುಲ್ಲನ ಆಟೋ ಉಂಟು, ಅವ ಬರ್ತೇನೆ ಅಂತಾನೆ. ಕರ್ಕೊಂಡು ಹೋಗ್ಲಾ?"

ನಾನು ಏನು ಹೇಳಿದೆ ಎಂಬುದನ್ನು ಇಲ್ಲಿ ಹಾಗೆಯೇ ಬರೆಯುತ್ತೇನೆ. "ಬೇಡ ಮಿಸ್ರಿಯಾ. ನಿರೀಕ್ಷಣೆಯಲ್ಲಿರುವವರನ್ನು ಆಟೋದಲ್ಲಿ ಕರ್ಕೊಂಡು ಹೋಗುವ ಹಾಗಿಲ್ಲ. ಅಬ್ದುಲ್ಲನಿಗೂ ತೊಂದರೆ. ನಾನು ಫೋನ್ ಮಾಡ್ತೇನೆ, ಆಂಬುಲೆನ್ಸ್ ಬರ್ತದೆ." ಅಷ್ಟು ಹೊತ್ತಿಗೆ ನನ್ನ ಮಾತೂ ಇಲ್ಲಿಯ ಮಾತಾಗಿತ್ತು.

ಫೋನು ಮಾಡಿದೆ. ಆಂಬುಲೆನ್ಸಿನವರು ತಕ್ಷಣ ಎತ್ತಿದರು, ಒಳ್ಳೆಯ ಮಾತಿನಲ್ಲೇ ಉತ್ತರಿಸಿದರು. ಗಾಡಿ ಪೈವಳಿಕೆಯಾಚೆಯ ಗುಡ್ಡದ ಒಂದು ಮನೆಗೆ ಹೋಗಿತ್ತು. ಅಲ್ಲಿ ಮನೆಗಳು ದೂರ ದೂರ, ರೋಗಿಯನ್ನು ಹೊತ್ತು ರಸ್ತೆಗೆ ತರಬೇಕು, ಆಮೇಲೆ ಗಾಡಿಯನ್ನು ತೊಳೆಯಬೇಕು, ಆಮೇಲೆ ಇಲ್ಲಿಗೆ. "ಸ್ವಲ್ಪ ಕಾಯಲಿಕ್ಕೆ ಹೇಳಿ ಟೀಚರ್" ಎಂದರು. ನಾನು ಹೇಳಿದೆ.

ಹೊರಗೆ ಬಂದು ಅವರ ಗೇಟಿನ ಮುಂದೆ ನಿಂತೆ. ಅಬ್ದುಲ್ಲ ಆಟೋ ಚಾಲೂ ಮಾಡಿ ನಿಲ್ಲಿಸಿಕೊಂಡಿದ್ದ. ಉಮ್ಮನನ್ನು ಮುಂದಿನ ಜಗಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದ್ದರು. ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದರು. ಮೂಗಿನಿಂದ ಮಾಸ್ಕ್ ಜಾರಿತ್ತು. ನನ್ನನ್ನು ಕಂಡೊಡನೆ ಆ ಕೈ ಬಿಟ್ಟು ಮಾಸ್ಕನ್ನು ಮೇಲೆಳೆದುಕೊಂಡರು.

ಅದನ್ನು ತೆಗೆಯಿರಿ ಉಮ್ಮ, ಉಸಿರಾಡಿ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ.

ಕೋಣೆಯೊಳಗಿನಿಂದ ಶರೀಫ್ ಕೂಗಿದ, "ಟೀಚರ್, ನಾನು ಹೊರಗೆ ಬರುದಿಲ್ಲ. ಅವರನ್ನು ಮಾತ್ರ ಬಿಡಿ. ಅವರಿಗೆ ನೆಗೆಟಿವ್ ಇರ್ಬಹುದು."

"ಮೊನ್ನೆ ಮಾಡಿದ ಟೆಸ್ಟಿನ ರಿಸಲ್ಟ್ ಬರಲಿಲ್ಲ ಶರೀಫ್. ಈಗ ಬರ್ತದೆ ಗಾಡಿ" ಎಂದೆ.

ಉಮ್ಮ ಸೊಸೆಯ ಕಡೆ ತಿರುಗಿ ಬ್ಯಾರಿಯಲ್ಲಿ ಏನೋ ಹೇಳಿದರು. ಮಿಸ್ರಿಯಾ ಅಬ್ದುಲ್ಲನಿಗೆ ಕೈಸನ್ನೆ ಮಾಡಿದಳು. ಅವನು ಆಟೋ ಬಂದ್ ಮಾಡಿದ. ಏನು ಹೇಳಿದರು ಎಂದು ನಾನು ಆಮೇಲೆ ಕೇಳಿ ತಿಳಿದೆ. ಟೀಚರಿಗೆ ಮೇಲಿನವರಿಂದ ಮಾತು ಬರುವುದು ಬೇಡ, ಕಾಯುವ ಎಂದಿದ್ದರು.

ಹತ್ತು ಗಂಟೆ ದಾಟಿದ ಮೇಲೆ ಗಾಡಿ ಬಂತು. ಕಾಸರಗೋಡು ತಲುಪುವ ಮೊದಲೇ ಉಮ್ಮ ತೀರಿಕೊಂಡರು. ಎರಡನೆಯ ದಿನ ಅವರ ಪರೀಕ್ಷೆಯ ಫಲಿತಾಂಶ ನನ್ನ ಫೋನಿಗೇ ಬಂತು. ನೆಗೆಟಿವ್. ಮಯ್ಯತ್ತಿಗೆ, ಅಂದರೆ ದಫನಕ್ಕೆ, ನಾಲ್ಕೇ ಜನ ಹೋದರು. ಮಗ ಗೋಡೆಯಾಚೆ ಕೋಣೆಯಲ್ಲಿದ್ದ. ಅವನ ಅಳುವಿನ ಜೊತೆಗೆ ಅವನು ಮೂಗು ಒರೆಸಿಕೊಂಡ ಸದ್ದೂ ನನಗೆ ಕೇಳುತ್ತಿತ್ತು. ನಮ್ಮ ಕಿಟಕಿಗಳು ಅಷ್ಟು ಹತ್ತಿರ.

ನಾನು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಆಟೋದಲ್ಲಿ ಹೋಗಿದ್ದರೆ ಅರ್ಧ ಗಂಟೆ. ಬದುಕುತ್ತಿದ್ದರು ಎಂದು ಯಾವ ಡಾಕ್ಟರೂ ಖಚಿತವಾಗಿ ಹೇಳಲಾರರು. ಒಬ್ಬರನ್ನು ಕೇಳಿದೆ. "ಹೇಳಲಿಕ್ಕೆ ಆಗುದಿಲ್ಲ" ಎಂದರು. ಅದರಿಂದ ಸಮಾಧಾನವಾಗಬೇಕಿತ್ತು. ಅಷ್ಟಕ್ಕೂ ನಿಯಮದಲ್ಲಿ ಜೀವಕ್ಕೆ ಅಪಾಯವಿದ್ದರೂ ತಡೆಯಬೇಕು ಎಂದು ಎಲ್ಲಿಯೂ ಇರಲಿಲ್ಲ. ನಾನು ಆ ಪುಟವನ್ನು ಆಮೇಲೆ ಮತ್ತೆ ಮತ್ತೆ ಓದಿದೆ. ತಡೆದದ್ದು ನಿಯಮವಲ್ಲ. ನಿಯಮದ ಹೆಸರಿನಲ್ಲಿ ಸಿಕ್ಕಿದ ಮರ್ಯಾದೆ ಕೆಡಬಾರದು ಎಂಬ ನನ್ನ ಹೆದರಿಕೆ.

ನಿರೀಕ್ಷಣೆಯ ದಿನಗಳು ಮುಗಿದು ಶರೀಫ್ ಹೊರಗೆ ಬಂದಾಗ ನಾನು ಹೋಗಿ ಅವನ ಮುಂದೆ ನಿಂತೆ. ಬೈಯಲಿ ಎಂದೇ ಹೋಗಿದ್ದೆ. ಅವನು ಕುರ್ಚಿ ತಂದಿಟ್ಟ. "ನೀವು ಎಂತ ಮಾಡುದು ಟೀಚರ್, ನಿಮ್ಮ ಡ್ಯೂಟಿ. ನಾನು ಆ ಕೋಣೆಗೆ ಬರಬಾರದಿತ್ತು" ಎಂದ. ತಪ್ಪನ್ನೂ ಅವನೇ ತೆಗೆದುಕೊಂಡ. ನನಗೆಂದು ಏನೂ ಉಳಿಸಲಿಲ್ಲ.

ಫೋನಿನಲ್ಲಿ ನಿರ್ಮಲಾಗೆ ಹೇಳಿದೆ. ಅವಳು ತನ್ನ ಕಡೆಯದೊಂದನ್ನು ಹೇಳಿದಳು. ಅವಳು ನೋಡಿಕೊಳ್ಳುತ್ತಿದ್ದ ಮುದುಕರೊಬ್ಬರು, ನನ್ನ ಮಗಳು ಯಾಕೆ ಬರುತ್ತಿಲ್ಲ ಎಂದು ದಿನಾ ಕೇಳುತ್ತ ಕೇಳುತ್ತ ಹೋಗಿಬಿಟ್ಟರಂತೆ. ಮಗಳು ಎರಡು ಬೀದಿಯಾಚೆ ಸರಕಾರ ಹೇಳಿದ ಹಾಗೆ ಮನೆಯೊಳಗಿದ್ದಳು. "ಆದ್ರೂ ಅಕ್ಕಾ, ಇಲ್ಲಿ ಒಳಗ ಕುಂದ್ರಾಕ ಜಾಗಾ ಇತ್ತು. ನಿಮ್ಮ ಉಮ್ಮಗ ಅದೂ ಇರಲಿಲ್ಲ." ಚದರ ಕಿಲೋಮೀಟರಿಗೆ ಎಷ್ಟು ಜನ ಎಂದು ಪಾಠ ಮಾಡುತ್ತಿದ್ದ ನನಗೆ, ಒಂದು ಬಚ್ಚಲಿಗೆ ಎಷ್ಟು ಜನ ಎಂದು ಯಾವ ಪುಸ್ತಕವೂ ಹೇಳಿರಲಿಲ್ಲ. ದೇಶಗಳು ತಮ್ಮ ಜನ ಎಷ್ಟು ವಿಧೇಯರು ಎಂದು ಹೋಲಿಸಿಕೊಳ್ಳುತ್ತವೆ. ವಿಧೇಯರಾಗಲು ಯಾರು ತಮ್ಮ ಹಾಸಿಗೆ ಸುತ್ತಿ ಚಾವಡಿಗೆ ಬಂದರು ಎಂಬುದು ಆ ಹೋಲಿಕೆಯಲ್ಲಿ ಬರುವುದಿಲ್ಲ.

ಮರುವರ್ಷ ಎರಡನೆಯ ಅಲೆ ಬಂದಾಗ ನನ್ನ ಹಳ್ಳಿಯ ಸುದ್ದಿ ಬೇರೆಯಿತ್ತು. ಕಣ್ಣು ಹಾಯುವಷ್ಟು ಬಯಲು, ಬೇಕಾದಷ್ಟು ಜಾಗ, ಆದರೆ ಊರೆಲ್ಲ ಒಂದೇ ಕಟ್ಟೆಯ ಮೇಲೆ ಕೂತಿತ್ತು. ಜ್ವರ ಬಂದವರು ಹೆಸರು ಬರೆದುಕೊಂಡು ಆಸ್ಪತ್ರೆಗೆ ಒಯ್ಯುತ್ತಾರೆಂದು ಹೆದರಿ ಮುಚ್ಚಿಟ್ಟರು. ಊರಲ್ಲಿರುವ ಅಣ್ಣನಿಗೆ ದಿನವೂ ಫೋನಿನಲ್ಲಿ ಬೈದೆ. ಮಾಸ್ಕ್ ಹಾಕು, ಜ್ವರ ಬಂದ ಸೋದರಮಾವನನ್ನು ಬೇರೆ ಮಲಗಿಸು, ಪರೀಕ್ಷೆ ಮಾಡಿಸು. ಸೋದರಮಾವ ತೀರಿಕೊಂಡ ದಿನವೂ ಬೈದೆ. ಅಣ್ಣ ಕೊನೆಗೆ ಒಂದೇ ಮಾತು ಹೇಳಿದ. "ನೀ ಈಗ ಕೇರಳದಾಕಿ ಆಗೀಯವ್ವಾ. ಅಲ್ಲಿ ಎಲ್ಲಾರೂ ಹೇಳಿದ್ದು ಕೇಳಿದ್ರು ಅಂತೀಯಲ್ಲ, ಕೇಳಿದವರು ಉಳದಾರೇನು?" ನಾನು ಫೋನಿಟ್ಟೆ. ನಿಯಮ ಪಾಲಿಸಿ ಉಳಿದವರು ಸಾವಿರಾರು ಜನ, ನನಗೆ ಗೊತ್ತು. ಅವರಲ್ಲಿ ಒಬ್ಬರ ಮುಖವೂ ಆಗ ಕಣ್ಣೆದುರು ಬರಲಿಲ್ಲ.

ಈಗ ಎಲ್ಲ ಮರೆತುಹೋಗಿದೆ. ಹೆದ್ದಾರಿ ಅಗಲವಾಗಿದೆ, ಬಸ್ಸುಗಳು ಗಡಿಯಲ್ಲಿ ನಿಲ್ಲದೆ ಮಂಗಳೂರಿಗೆ ಹೋಗುತ್ತವೆ. ಶರೀಫ್ ಮತ್ತೆ ಶಾರ್ಜಾದಲ್ಲಿದ್ದಾನೆ. ನನಗೆ ಮಲಯಾಳದ ಸುತ್ತೋಲೆ ಓದಲು ಯಾರೂ ಬೇಕಿಲ್ಲ. ಮಕ್ಕಳು ನನ್ನ ಮಾತಿಗೆ ನಗುವುದಿಲ್ಲ.

ಕಳೆದ ಮಳೆಗಾಲದಲ್ಲಿ ಪಕ್ಕದ ಮನೆಗೆ ಮೂರು ದಿನ ಬೀಗ ಹಾಕಿತ್ತು. ನಾಲ್ಕನೆಯ ದಿನ ಮಿಸ್ರಿಯಾ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದುದು ಕಂಡಿತು. ಎಲ್ಲಿ ಹೋಗಿದ್ದಿರಿ ಎಂದು ಕೇಳಿದೆ.

"ಸಣ್ಣವಳಿಗೆ ಜೋರು ಜ್ವರ ಟೀಚರ್. ಮಂಗಳೂರಿನಲ್ಲಿ ಅಡ್ಮಿಟ್ ಮಾಡಿದ್ದೆವು. ಈಗ ಅಡ್ಡಿ ಇಲ್ಲ."

"ನನಗೊಂದು ಮಾತು ಹೇಳಬಹುದಿತ್ತಲ್ಲ. ನಾನೂ ಬರ್ತಿದ್ದೆ."

ಅವಳು ಅಂಗಿಯೊಂದನ್ನು ಕೊಡವಿ ಹಗ್ಗಕ್ಕೆ ಹಾಕಿದಳು. "ನಿಮ್ಮತ್ರ ಕೇಳ್ತಾ ಕೂತ್ರೆ ತಡ ಆಗ್ತದಲ್ವಾ ಟೀಚರ್" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಮಳೆ ಬರುತ್ತದೆ, ಬಟ್ಟೆ ಒಳಗೆ ಹಾಕಿ ಎನ್ನುವಷ್ಟೇ ಸಹಜವಾಗಿ ಹೇಳಿದಳು.

ಹಿಂದೆಂದೋ ಹಾಕಿದ್ದ ಅರ್ಜಿಗೆ ಈ ವರ್ಷ ಗದಗಿನಿಂದ ನೇಮಕಾತಿಯ ಆದೇಶ ಬಂತು. ನಮ್ಮ ಹಳ್ಳಿಗೆ ಹತ್ತು ಮೈಲಿಯ ಶಾಲೆ. "ಬಂದುಬಿಡು, ಇಲ್ಲಿ ನಿನ್ನ ಮಂದಿ ಅದಾರ" ಎಂದ ಅಣ್ಣ. ಆ ಕಾಗದವನ್ನು ಎರಡು ವಾರ ಮೇಜಿನ ಮೇಲಿಟ್ಟುಕೊಂಡೆ. ಅಲ್ಲಿಗೆ ಹೋದರೆ, ನನ್ನ ಮಾತು ಕೇಳದೆ ಮಾವನನ್ನು ಕಳೆದುಕೊಂಡವರ ಜೊತೆ ದಿನವೂ ಊಟಕ್ಕೆ ಕೂರಬೇಕು. ಇಲ್ಲಿ, ನನ್ನ ಮಾತು ಕೇಳಿ ಉಮ್ಮನನ್ನು ಕಳೆದುಕೊಂಡವರ ಕಿಟಕಿಯ ಎದುರು ಏಳಬೇಕು. ಯಾವುದು ನನ್ನ ಊರು ಎಂದು ಇದರಿಂದ ತೀರ್ಮಾನವಾಗುವುದಿಲ್ಲ. ಆದರೂ ಹೋಗಲು ಕಾಲು ಏಳಲಿಲ್ಲ. ಬರುವುದಿಲ್ಲ ಎಂದು ಬರೆದು ಕಳಿಸಿದೆ.

ಹಿತ್ತಲಲ್ಲಿ ಬಟ್ಟೆ ಒಣಹಾಕಿ ಮುಗಿಸಿದ್ದ ಮಿಸ್ರಿಯಾಳಿಗೆ ಹೇಳಿದೆ, "ನಾನು ಊರಿಗೆ ಹೋಗುದಿಲ್ಲ, ಇಲ್ಲಿಯೇ ಇರ್ತೇನೆ."

"ಹೌದಾ" ಎಂದಳು. ಖಾಲಿ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.